ಅಧಿಕ ಮಾಸದ ದ್ರಾಕ್ಷಿ

"ಹಣ್ಣು ಯಾವತ್ತಿಗೆ ಬೇಕು ಹೇಳಿ ಅಮ್ಮಾವ್ರೆ, ಅವತ್ತಿಗೆ ಕೊಡ್ತೀನಿ."

ಬಾವಿಕಟ್ಟೆಯ ಮೇಲೆ ಕತ್ತರಿ ಮಸೆಯುತ್ತ ತಮ್ಮಯ್ಯ ಹೀಗೆ ಕೇಳಿದಾಗ ತುಂಗಾಬಾಯಿಗೆ ನಗು ಬಂತು. ಬೆಳಿಗ್ಗೆ ಎಷ್ಟು ಪ್ಯಾಕೆಟ್ ಹಾಲು ಹಾಕಲಿ ಎಂದು ಕೇಳಿದ ಹಾಗಿತ್ತು ಆ ಮಾತು. ನಾಲ್ಕು ವರ್ಷದಿಂದ ಸಗಣಿ ಗೊಬ್ಬರ ತಿಂದು, ಅಕ್ಕಿ ತೊಳೆದ ನೀರು ಕುಡಿದು, ಒಂದೇ ಒಂದು ಕಾಯಿಯನ್ನೂ ಬಿಡದ ಬಳ್ಳಿ ಅದು. ವೆಸ್ಟ್ ಮಾಂಬಲಂನ ಆ ಹಳೆಯ ಕಟ್ಟಡದ ಹಿಂದೆ, ಬಾವಿಗೂ ಕಾಂಪೌಂಡ್ ಗೋಡೆಗೂ ನಡುವೆ ಎರಡು ಚಾಪೆ ಹಾಸುವಷ್ಟು ಮಣ್ಣಿತ್ತು. ಬಳ್ಳಿ ಅಲ್ಲಿ ಬೇರು ಬಿಟ್ಟು, ತಂತಿ ಹಿಡಿದು ಮೊದಲ ಮಹಡಿಯ ಬಾಲ್ಕನಿಗೆ ಹತ್ತಿ, ಅಲ್ಲಿ ಬಟ್ಟೆ ಒಣಗಿಸಲೂ ಜಾಗ ಬಿಡದೆ ಹರಡಿಕೊಂಡಿತ್ತು. ಬೇರು ಕೆಳಗಿನ ಮನೆಯ ತುಂಗಾಬಾಯಿಯದು, ಎಲೆ ಮೇಲಿನ ಮನೆಯ ಪಾವನಾಳದು.

ಪಾವನಾ ಮತ್ತು ಅವಳ ಗಂಡ ಪ್ರತಾಪ್ ಎರಡು ವರ್ಷದ ಹಿಂದೆ ಕೆಲಸದ ಮೇಲೆ ಚೆನ್ನೈಗೆ ಬಂದವರು. ತಮ್ಮಯ್ಯ ಪಾವನಾಳ ಅಪ್ಪ. ದೊಡ್ಡಬಳ್ಳಾಪುರದ ಕಡೆ ನಲವತ್ತು ವರ್ಷ ದ್ರಾಕ್ಷಿ ಬೆಳೆದ ಮನುಷ್ಯ. ಮಗಳ ಬಾಣಂತನಕ್ಕೆಂದು ಹೆಂಡತಿ ಬೋರಮ್ಮನ ಜೊತೆ ಫೆಬ್ರವರಿಯಲ್ಲಿ ಬಂದಿದ್ದರು. ಬೋರಮ್ಮನಿಗೆ ಕೈ ತುಂಬ ಕೆಲಸ, ತಮ್ಮಯ್ಯನಿಗೆ ಕೈ ತುಂಬ ಬಿಡುವು. ಬಂದ ಮೂರನೆಯ ದಿನವೇ ಬಾಲ್ಕನಿಯ ಬಳ್ಳಿಯನ್ನು ಎಳೆದೆಳೆದು ನೋಡಿ ಕೆಳಗಿಳಿದು ಬಂದು ತೀರ್ಪು ಕೊಟ್ಟಿದ್ದರು.

"ನೀವು ಇದನ್ನ ಮುದ್ದು ಮಾಡಿ ಕೆಡಿಸಿದ್ದೀರ. ಕತ್ತರಿ ಏಟು ಬೀಳದೆ ದ್ರಾಕ್ಷಿ ಕಾಯಿ ಬಿಡಲ್ಲ ಕಣಮ್ಮಾವ್ರೆ. ಕೊಂಬೆ ಎಲ್ಲ ಸವರಿ, ಎಲೆ ಒಂದೂ ಬಿಡದಂಗೆ ಕೀಳ್ಬೇಕು. ಸತ್ತೋಯ್ತೀನಿ ಅಂತ ಅದಕ್ಕೆ ಅನ್ನಿಸ್ಬೇಕು. ಆವಾಗ ಹೆದರ್ಕೊಂಡು ಕಾಯಿ ಬಿಡ್ತದೆ. ಕತ್ತರಿ ಹಾಕಿದ ದಿನದಿಂದ ನೂರಿಪ್ಪತ್ತು ದಿನ, ಐದು ದಿನ ಆಚೆ ಈಚೆ. ಹಣ್ಣು ಕೈಗೆ."

ತುಂಗಾಬಾಯಿಗೆ ಹಣ್ಣು ಬೇಕಾಗಿದ್ದದ್ದು ಹೊಟ್ಟೆಗಲ್ಲ. ಬಳ್ಳಿಯ ಕಡ್ಡಿ ಕೊಟ್ಟವರು ತ್ರಿಪ್ಲಿಕೇನಿನ ಮಧ್ವರಾಜರು. ತುಂಗಾಬಾಯಿಯ ಯಜಮಾನರು ಪಂಢರಿನಾಥರು ಎಗ್ಮೋರಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದಾಗ ಅವರ ಮೇಲಧಿಕಾರಿಯಾಗಿದ್ದವರು. ಈಗ ಎಂಬತ್ತಾರು ವರ್ಷ, ಮಂಡಿ ನೋವು, ಎರಡನೆಯ ಮಹಡಿಯಿಂದ ಕೆಳಗಿಳಿಯುವುದಿಲ್ಲ. ನಾಲ್ಕು ವರ್ಷದ ಹಿಂದೆ ತಾರಸಿ ರಿಪೇರಿಗೆಂದು ಅಲ್ಲಿದ್ದ ಕುಂಡ, ಡ್ರಮ್ಮುಗಳನ್ನೆಲ್ಲ ತೆಗೆಸುವಾಗ, ಹದಿನೆಂಟು ವರ್ಷ ಡ್ರಮ್ಮಿನಲ್ಲಿ ಬೆಳೆದಿದ್ದ ಬಳ್ಳಿಯಿಂದ ಎರಡು ಕಡ್ಡಿ ಕತ್ತರಿಸಿ ಒದ್ದೆ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದರು. "ಇದು ಕಂಬಂ ಕಡೆಯಿಂದ ಬರೋ ಪನ್ನೀರ್ ದ್ರಾಕ್ಷಿ ಅಲ್ಲ. ಅಂಗಡಿಯ ಯಾವ ದ್ರಾಕ್ಷಿಯೂ ಅಲ್ಲ," ಎಂದಿದ್ದರು.

"ಹಾಗಾದ್ರೆ ರುಚಿ ಹೇಗಿರುತ್ತೆ ರಾಯರೆ?"

"ಅದನ್ನ ನಾನು ಹೇಳೋದಿಲ್ಲ. ನೀವೇ ಬೆಳೆದು, ತಿಂದು, ನನಗೆ ಹೇಳಿ."

ತುಂಗಾಬಾಯಿಗೆ ಇಂಥ ಮಾತು ಹೇಳಬಾರದು. ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗಿದರೆ ಒಳಗೆ ಬೇಯುತ್ತಿರುವುದು ತೊಗರಿಬೇಳೆಯೋ ಹೆಸರುಬೇಳೆಯೋ ಎಂದು ಮೂಗಿನಲ್ಲೇ ತೀರ್ಮಾನಿಸಬೇಕು, ಇಲ್ಲವಾದರೆ ಅವರಿಗೆ ಕೈಕೆಲಸ ಓಡುವುದಿಲ್ಲ. ಮಧ್ವರಾಜರು ತಲೆಗೆ ಹುಳು ಬಿಟ್ಟು ಸುಮ್ಮನಾಗಲೂ ಇಲ್ಲ. ತಿಂಗಳಿಗೊಮ್ಮೆ ಫೋನ್ ಮಾಡಿ "ಬಂತೇ?" ಎನ್ನುತ್ತಿದ್ದರು. "ಎಲೆ ಬಂದಿದೆ ರಾಯರೆ," ಎಂದು ಹೇಳಿ ಹೇಳಿ ಈಕೆಗೆ ನಾಚಿಕೆಯಾಗುತ್ತಿತ್ತು.

"ಇವತ್ತೇ ಹಾಕ್ಬುಡಾನ?" ಎಂದರು ತಮ್ಮಯ್ಯ, ಕತ್ತರಿಯ ಬಾಯಿಯನ್ನು ಹೆಬ್ಬೆರಳಲ್ಲಿ ಸವರಿ ನೋಡುತ್ತ. ಮಾರ್ಚ್ ತಿಂಗಳ ಎರಡನೆಯ ವಾರ. ಯುಗಾದಿ ಇನ್ನೂ ಮುಂದಿತ್ತು.

"ಕೊಂಜ ಇರಿ ತಮ್ಮಯ್ಯನೋರೆ," ಎಂದು ತಮಿಳು ಬೆರೆಸಿ ತಡೆದು ತುಂಗಾಬಾಯಿ ಬೆರಳಿನ ಗೆಣ್ಣು ಎಣಿಸತೊಡಗಿದರು.

ಅವರ ಲೆಕ್ಕದಲ್ಲಿ ಒಂದು ಕಂಟಕವಿತ್ತು. ಆಷಾಢದ ಪ್ರಥಮ ಏಕಾದಶಿಯಿಂದ ಶ್ರಾವಣದ ದ್ವಾದಶಿಯ ತನಕ ಒಂದು ತಿಂಗಳು ಶಾಕವ್ರತ. ತರಕಾರಿ ಇಲ್ಲ, ಹಣ್ಣಿಲ್ಲ. ಮಾವಿಗೆ ಮಾತ್ರ ವಿನಾಯಿತಿ. ಉಳಿದದ್ದು ದೇವರಿಗೂ ಇಲ್ಲ, ತಮಗೂ ಇಲ್ಲ. ಮದುವೆಯಾಗಿ ಮದ್ರಾಸಿಗೆ ಬಂದ ವರ್ಷದಿಂದ ಇಲ್ಲಿಯವರೆಗೆ ನಲವತ್ತೈದು ವರ್ಷ ತುಂಗಾಬಾಯಿ ಅದನ್ನು ಒಮ್ಮೆಯೂ ತಪ್ಪಿಸಿದವರಲ್ಲ. ಟೈಫಾಯ್ಡ್ ಆದ ವರ್ಷ ಕಿತ್ತಳೆ ರಸ ಕುಡಿಯಿರಿ ಎಂದು ಡಾಕ್ಟರು ಗದರಿದರೂ ಗಂಜಿ ಕುಡಿದೇ ಎದ್ದಿದ್ದರು.

"ಇವತ್ತು ಹಾಕಿದ್ರೆ ಆಷಾಢದ ಕೊನೇಲಿ ಹಣ್ಣಾಗುತ್ತೆ, ಸರಿಯಾಗಿ ವ್ರತದಲ್ಲಿ ಸಿಕ್ಕಿಕೊಳ್ಳುತ್ತೆ. ಅದು ಬೇಡ. ಚೈತ್ರ ದ್ವಾದಶಿಗೆ ಹಾಕಿ. ಚೈತ್ರ, ವೈಶಾಖ, ಜ್ಯೇಷ್ಠ, ಆಷಾಢ, ನಾಲ್ಕು ತಿಂಗಳು ಸರಿಹೋಯ್ತು. ಶ್ರಾವಣ ದ್ವಾದಶಿ, ವ್ರತ ಬಿಡೋ ಪಾರಣೆ ದಿನ, ಹಣ್ಣು."

"ಅಂದ್ರೆ ಇನ್ನೂ ಹದಿನೆಂಟು ದಿನ ಕಾಯ್ಬೇಕಾ?"

"ನಾಲ್ಕು ವರ್ಷ ಕಾದಾಯ್ತು. ಹದಿನೆಂಟು ದಿನ ಏನು ದೊಡ್ಡದು?"

"ನಿಮ್ಮ ಲೆಕ್ಕ ನಿಮಗೆ," ಎಂದು ತಮ್ಮಯ್ಯ ಕತ್ತರಿಗೆ ಬಟ್ಟೆ ಸುತ್ತಿ ಮೇಲೆ ಹೋದರು.

ಯುಗಾದಿ ಮುಗಿದು ಚೈತ್ರದ ದ್ವಾದಶಿ ಬಂತು. ಅವತ್ತು ಬೆಳಿಗ್ಗೆ ಪಾರಣೆ ಮುಗಿಸಿ ತುಂಗಾಬಾಯಿ ಹಿತ್ತಿಲಿಗೆ ಬರುವ ಹೊತ್ತಿಗೆ ತಮ್ಮಯ್ಯ ಏಣಿಯ ಮೇಲಿದ್ದರು. ಹಸಿರೆಲ್ಲ ಕೆಳಗೆ ಬಿದ್ದು ರಾಶಿಯಾಗುತ್ತಿತ್ತು. ಕೊಂಬೆಗೆ ಚಿಗುರೊಡೆಯುವ ನಾಲ್ಕೈದು ಕಣ್ಣು ಬಿಟ್ಟು ಉಳಿದದ್ದನ್ನೆಲ್ಲ ಕತ್ತರಿಸಿ, ಅಳಿದುಳಿದ ಎಲೆಗಳನ್ನು ಕೈಯಿಂದ ಒಂದೊಂದಾಗಿ ಕಿತ್ತು, ಮಧ್ಯಾಹ್ನದ ಹೊತ್ತಿಗೆ ಅವರು ಉಳಿಸಿದ್ದು ತಂತಿಗೆ ಅಂಟಿಕೊಂಡ ಒಂದಷ್ಟು ಒಣಕಡ್ಡಿಯಂಥ ಅಸ್ಥಿಪಂಜರ. ತುಂಗಾಬಾಯಿ ಬಿದ್ದ ಎಲೆಗಳನ್ನು ಗುಡಿಸಿ ಬಳ್ಳಿಯ ಬುಡಕ್ಕೇ ಹಾಕಿದರು. ಸಂಜೆ ನೋಡಿದರೆ ಕತ್ತರಿಸಿದ ತುದಿಗಳಿಂದೆಲ್ಲ ನೀರು ತೊಟ್ಟಿಕ್ಕುತ್ತಿತ್ತು.

"ಏನ್ರೀ, ಅಳ್ತಾ ಇದೆ ಇದು," ಎಂದು ಗಂಡನನ್ನು ಕರೆದು ತೋರಿಸಿದರು.

ಪಂಢರಿನಾಥರು ಕನ್ನಡಕ ಏರಿಸಿ ನೋಡಿದರು. "ನೀನು ಕತ್ತರಿಸೋದಕ್ಕೆ ಮುಹೂರ್ತ ಇಟ್ಟುಕೊಟ್ಟೆಯಲ್ಲ. ಅಳದೆ ಇನ್ನೇನು ಮಾಡುತ್ತೆ?"

ತಮ್ಮಯ್ಯ ಮೇಲಿನಿಂದಲೇ ಸಮಾಧಾನ ಹೇಳಿದರು. ಬೇರು ಬದುಕಿದೆ, ಅದಕ್ಕೇ ನೀರು ಬರುತ್ತಿದೆ, ನೀರು ಬಾರದಿದ್ದರೆ ಆಗ ಅಳೋಣ ಎಂದರು. ಅವರ ಮಾತು ಸುಳ್ಳಾಗಲಿಲ್ಲ. ಹನ್ನೆರಡನೆಯ ದಿನ ಕಣ್ಣುಗಳು ಉಬ್ಬಿದವು. ಮೂರು ವಾರಕ್ಕೆ ಎಳೆಯ ಕುಡಿಗಳ ಬುಡದಲ್ಲಿ ಸಾಸಿವೆಗಿಂತ ಸಣ್ಣ ಹಸಿರು ಮಣಿಗಳ ಗೊಂಚಲು ಕಾಣಿಸಿತು. ತುಂಗಾಬಾಯಿ ಅಕ್ಷಯ ತದಿಗೆಯ ದಿನ ಮಧ್ವರಾಜರಿಗೆ ತಾವೇ ಫೋನ್ ಮಾಡಿದರು. "ರಾಯರೆ, ಈ ಸಲ ಎಲೆ ಅಲ್ಲ," ಎಂದರು. ಆ ಕಡೆಯಿಂದ ಬಹಳ ಹೊತ್ತು ನಗು ಕೇಳಿಸಿತು.

ಒಟ್ಟು ಹನ್ನೊಂದು ಗೊಂಚಲು. ಹತ್ತು ಪಾವನಾಳ ಬಾಲ್ಕನಿಯಲ್ಲಿ, ಒಂದು ಕೆಳಗೆ ಬಾವಿಯ ಪಕ್ಕದ ನೆರಳಿನಲ್ಲಿ. ತುಂಗಾಬಾಯಿ ದಿನಕ್ಕೆ ಎರಡು ಸಲ ಮೆಟ್ಟಿಲು ಹತ್ತಿ ಹೋಗಿ ನೋಡಿ ಬರುತ್ತಿದ್ದರು. ಮಗುವನ್ನು ನೋಡಲು ಬಂದೆ ಎಂದು ಹೇಳಿ ಮಗುವಿಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು.

ಜೂನ್ ಮೊದಲ ವಾರದ ಒಂದು ಬೆಳಿಗ್ಗೆ ಅವರು ಅಡಿಗೆಮನೆಯಲ್ಲಿ ಅಪೂಪ ಕರಿಯುತ್ತಿದ್ದರು. ಅಕ್ಕಿಹಿಟ್ಟು, ಬೆಲ್ಲ, ತುಪ್ಪ ಹಾಕಿ ಕಲಸಿ ತಟ್ಟಿ ಕರಿದ ಸಿಹಿ. ಅಧಿಕ ಮಾಸದಲ್ಲಿ ಅಂಥ ಮೂವತ್ತಮೂರನ್ನು ಎಣಿಸಿ ದಾನ ಕೊಡುವುದು ಅವರ ಮನೆಯ ಪದ್ಧತಿ. ಚಂದ್ರನ ತಿಂಗಳುಗಳು ಸೂರ್ಯನ ವರ್ಷಕ್ಕೆ ಸಾಲದೆ ಬರುವುದರಿಂದ ಮೂರು ವರ್ಷಕ್ಕೊಮ್ಮೆ ಪಂಚಾಂಗದಲ್ಲಿ ಒಂದು ತಿಂಗಳು ಹೆಚ್ಚಿಗೆ ಸೇರಿಸುತ್ತಾರಲ್ಲ, ಅದು ಈ ವರ್ಷ ಜ್ಯೇಷ್ಠಕ್ಕೆ ಬಂದಿತ್ತು. ದಾನ ಈ ಸಲ ಮಧ್ವರಾಜರಿಗೆ. ಪಂಢರಿನಾಥರು ತ್ರಿಪ್ಲಿಕೇನಿಗೆ ಹೊರಡಲು ಶರಟು ಹಾಕಿಕೊಂಡು ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದರು.

"ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು," ಎಂದ ತುಂಗಾಬಾಯಿ ಅಲ್ಲಿಗೇ ನಿಂತರು. ಬಾಣಲೆಯಲ್ಲಿದ್ದ ಇಪ್ಪತ್ತೆಂಟನೆಯದು ಕೆಂಪಾಗಿ, ಕಂದಾಗಿ, ಕಪ್ಪಾಗತೊಡಗಿತು.

"ಸೀದುಹೋಗ್ತಿದೆ ತುಂಗಾ."

"ಈಗ ನಡೀತಿರೋದು ಯಾವ ಮಾಸ?"

"ಅಧಿಕ ಜ್ಯೇಷ್ಠ. ಅದಕ್ಕೇ ತಾನೇ ಇದನ್ನ ಕರೀತಿರೋದು?"

"ಇದಾದ ಮೇಲೆ?"

"ನಿಜ ಜ್ಯೇಷ್ಠ. ಆಮೇಲೆ ಆಷಾಢ. ಯಾಕೆ?"

ತುಂಗಾಬಾಯಿ ಒಲೆ ಆರಿಸಿ ಅಲ್ಲೇ ಮಣೆಯ ಮೇಲೆ ಕುಳಿತರು. ಹಿಟ್ಟಿನ ಕೈಯಲ್ಲೇ ಮತ್ತೆ ಗೆಣ್ಣು ಎಣಿಸಿದರು. ಎಷ್ಟು ಸಲ ಎಣಿಸಿದರೂ ಈಗ ಜ್ಯೇಷ್ಠ ಎರಡು ಗೆಣ್ಣು ತೆಗೆದುಕೊಳ್ಳುತ್ತಿತ್ತು. ಪ್ರತಿದಿನ ಪಂಚಾಂಗ ನೋಡದೆ ಕಾಫಿ ಕುಡಿಯದ ಹೆಂಗಸು, ಅಪೂಪಕ್ಕೆಂದು ಎರಡು ತಿಂಗಳ ಮೊದಲೇ ಬೆಲ್ಲ ತರಿಸಿಟ್ಟ ಹೆಂಗಸು, ದ್ರಾಕ್ಷಿಗೆ ದಿನ ಇಡುವಾಗ ಅಧಿಕ ಮಾಸವನ್ನೇ ಬಿಟ್ಟಿದ್ದರು. ಅಪೂಪದ ಲೆಕ್ಕ ತಲೆಯ ಒಂದು ಮೂಲೆಯಲ್ಲಿ, ದ್ರಾಕ್ಷಿಯ ಲೆಕ್ಕ ಇನ್ನೊಂದು ಮೂಲೆಯಲ್ಲಿ ಕೂತಿದ್ದವು. ಈಗ ಶ್ರಾವಣ ಒಂದು ತಿಂಗಳು ಆಚೆಗೆ ಹೋಗಿತ್ತು. ದ್ರಾಕ್ಷಿ ಇದ್ದಲ್ಲೇ ಇತ್ತು. ಜುಲೈ ಇಪ್ಪತ್ತೈದಕ್ಕೆ ವ್ರತ ಹಿಡಿದರೆ ಇಪ್ಪತ್ತೆಂಟಕ್ಕೆ ಹಣ್ಣು.

"ಅವತ್ತೇ ಕತ್ತರಿ ಹಾಕ್ತೀನಿ ಅಂದ್ರು ಆ ಮನುಷ್ಯ," ಎಂದರು ತುಂಗಾಬಾಯಿ. "ಹಾಕಿದ್ದಿದ್ರೆ ವ್ರತಕ್ಕೆ ಮೊದಲೇ ಬಂದುಬಿಡ್ತಿತ್ತು. ನಾನೇ ತಡೆದೆ."

ಪಂಢರಿನಾಥರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಕೊನೆಗೆ ಸೀದ ಅಪೂಪವನ್ನು ಬಾಣಲೆಯಿಂದ ತೆಗೆದು, "ಇದು ಲೆಕ್ಕಕ್ಕಿಲ್ಲ ಅಲ್ವಾ?" ಎಂದು ಬಾಯಿಗೆ ಹಾಕಿಕೊಂಡರು.

ತಮ್ಮಯ್ಯನಿಗೆ ವಿಷಯ ತಿಳಿದಾಗ ಅವರು ನಗಲಿಲ್ಲ. ತೊಟ್ಟಿಲ ಹಗ್ಗ ಕೈಯಲ್ಲೇ ಹಿಡಿದು ಯೋಚಿಸಿದರು.

"ಒಂದು ತಿಂಗಳು ತಡ ಮಾಡೋಕಾಗಲ್ವಾ ತಮ್ಮಯ್ಯನೋರೆ? ನೀರು ಕಮ್ಮಿ ಮಾಡಿದ್ರೆ?"

"ಹೊಟ್ಟೇಲಿರೋ ಕೂಸಿಗೆ ಇನ್ನೊಂದು ತಿಂಗಳು ಒಳಗೇ ಇರು ಅನ್ನೋಕಾಯ್ತದಾ ಅಮ್ಮಾವ್ರೆ? ಅದರ ಪಂಚಾಂಗವೇ ಬ್ಯಾರೆ."

ಒಳಗಿನಿಂದ ಬೋರಮ್ಮ, "ದ್ಯಾವ್ರು ಏನೂ ಅಂದ್ಕಳಲ್ಲ, ಒಂದ್ ತಿನ್ನಿ ಬುಡಿ," ಎಂದರು.  ದೇವರು ಏನೂ ಅಂದುಕೊಳ್ಳುವುದಿಲ್ಲ ಎಂಬುದು ತುಂಗಾಬಾಯಿಗೂ ಗೊತ್ತಿತ್ತು. ತಾವು ಅಂದುಕೊಳ್ಳುತ್ತೇವಲ್ಲ ಎಂಬುದೇ ಅವರ ತೊಂದರೆ.

ಜುಲೈ ಬಂತು. ಹಸಿರು ಕಾಯಿಗಳು ಮೆತ್ತಗಾಗಿ, ಒಂದೊಂದಾಗಿ ನಸುಗೆಂಪು ತಿರುಗಿದವು. ವ್ರತ ಹಿಡಿಯುವ ಹಿಂದಿನ ದಿನ, ದಶಮಿಯ ಬೆಳಿಗ್ಗೆ, ತುಂಗಾಬಾಯಿ ಪಾವನಾಳ ಬಾಲ್ಕನಿಯಲ್ಲಿ ನಿಂತಿದ್ದರು. ಅವತ್ತು ತಿಂದರೆ ತಪ್ಪಿಲ್ಲ. ಅವತ್ತು ಬಿಟ್ಟರೆ ಇಲ್ಲ. ತಮ್ಮಯ್ಯ ಗೊಂಚಲಿನ ತುದಿಯ ಕಾಯೊಂದನ್ನು ಕಿತ್ತು ಉಗುರಿನಿಂದ ಸೀಳಿ ತೋರಿಸಿದರು.

"ಬೀಜ ನ್ವಾಡಿ, ಹಸಿರು. ಬೀಜ ಕಂದು ಆಗೋಗಂಟ ಅದು ಹಣ್ಣಲ್ಲ, ಕಾಯಿ. ತಿಂದ್ರೆ ಹುಳಿ ಗೊತ್ತಾಯ್ತದೆ. ಅಷ್ಟೇಯ."

"ಸುಮ್ಮನೆ ಒಂದು ಬಾಯಿಗೆ ಹಾಕ್ಕೊಂಡು ಬಿಡಿ ಆಂಟಿ," ಎಂದಳು ಪಾವನಾ. "ಅಟ್ ಲೀಸ್ಟ್ ಒಂದು ಐಡಿಯಾ ಬರುತ್ತೆ."

ತುಂಗಾಬಾಯಿ ಸೀಳಿದ ಕಾಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ನಾಲ್ಕು ವರ್ಷದ ಪ್ರಶ್ನೆಗೆ ಅರ್ಧಂಬರ್ಧ ಉತ್ತರ. ತಿಂದುಬಿಟ್ಟರೆ ಇನ್ನು ದ್ರಾಕ್ಷಿ ಎಂದಾಗಲೆಲ್ಲ ಈ ಹುಳಿಯೇ ಮೊದಲು ನೆನಪಾಗುತ್ತದೆ. ಅವರು ಕಾಯನ್ನು ಬಾಲ್ಕನಿಯ ಕಟ್ಟೆಯ ಮೇಲಿಟ್ಟು ಕೆಳಗಿಳಿದು ಬಂದರು. "ತಿಂದೆಯಾ?" ಎಂದರು ಪಂಢರಿನಾಥರು. ಇಲ್ಲವೆಂದಾಗ, "ನರಿಗೆ ದ್ರಾಕ್ಷಿ ಹುಳಿ ಅಂತ ಕೇಳಿದ್ದೆ, ಅದನ್ನ ಕೈಯಲ್ಲಿ ಹಿಡಿದೂ ಬಿಟ್ಟುಬಂದ ನರಿ ಇದೇ ಮೊದಲು," ಎಂದರು. ತುಂಗಾಬಾಯಿ ಅವತ್ತು ಮಧ್ಯಾಹ್ನ ಅವರ ತಟ್ಟೆಗೆ ಸಾರು ಬಡಿಸುವುದನ್ನು ಮರೆತರು.

ಬಾಲ್ಕನಿಯ ಹತ್ತೂ ಗೊಂಚಲು ವ್ರತದ ಐದನೆಯ ದಿನ ಕೊಯ್ದರು. ಮಾಸಲು ನೇರಳೆ, ಮೇಲೆ ವಿಭೂತಿ ಬಳಿದಂಥ ಬಿಳಿ ಪುಡಿ, ಬಿಸಿಲಿಗೆ ಹಿಡಿದರೆ ಒಳಗಿನಿಂದ ಕೆಂಪು. ಪಾವನಾಳ ಮನೆಯ ಪ್ಲಾಸ್ಟಿಕ್ ಬುಟ್ಟಿಯ ಸುತ್ತ ಎಲ್ಲರೂ ಕೂತರು. ಪಂಢರಿನಾಥರೂ ಹಾಜರಿದ್ದರು. ವ್ರತ ಹೆಂಡತಿಯದು, ಪುಣ್ಯ ಮಾತ್ರ ಇಬ್ಬರಿಗೂ ಅರ್ಧರ್ಧ ಎಂಬುದು ಅವರ ಸಿದ್ಧಾಂತ. ತಮ್ಮ ಮನೆಯೊಳಗೆ ಹಣ್ಣು ತರುವ ಹಾಗಿಲ್ಲ, ಮೇಲಿನ ಮಹಡಿ ಪರದೇಶ. ತುಂಗಾಬಾಯಿ ಬಾಗಿಲ ಬಳಿಯೇ ನಿಂತು ಮೂಗಿಗೆ ಸೆರಗು ಹಿಡಿದಿದ್ದರು. ಮೂಸಿದರೆ ಅರ್ಧ ಊಟವಾದಂತೆ ಎಂದು ಶಾಸ್ತ್ರದಲ್ಲಿದೆ ಎಂದು ಗಂಡ ಬೆಳಿಗ್ಗೆಯೇ ಹೆದರಿಸಿದ್ದರು.

"ಹೇಗಿದೆ?"

"ರೋಸ್ ಮಿಲ್ಕ್ ಥರ ಆಂಟಿ," ಎಂದ ಪಾವನಾ ಇನ್ನೊಂದು ತಿಂದು, "ಅಲ್ಲ, ಲಿಚಿ ಥರ. ಅಲ್ಲ... ಹೇಳೋಕೆ ಬರ್ತಿಲ್ಲ," ಎಂದಳು.

"ನೀವು ಹೇಳ್ರೀ."

"ಸಿಹಿ," ಎಂದರು ಪಂಢರಿನಾಥರು.

"ಸಿಹಿ ಅಂದ್ರೆ?"

"ಸಿಹಿ ಅಂದ್ರೆ ಸಿಹಿ. ಕೊನೇಲಿ ಇನ್ನೇನೋ ಒಂದಿದೆ."

"ಏನದು?"

"ನುಂಗಿಬಿಟ್ಟೆ."

 ತಮ್ಮಯ್ಯ ಒಂದು ಹಣ್ಣನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಸಿಪ್ಪೆ ಅಗಿದರು. ಬೀಜವನ್ನು ಹಲ್ಲಿನಲ್ಲಿ ಕಡಿದು ನೋಡಿದರು. ಆಮೇಲೆ, "ನಲವತ್ತು ವರ್ಸ ದ್ರಾಕ್ಷಿ ಬೆಳ್ದಿವ್ನಿ. ಇದು ನಂಗೆ ಗೊತ್ತಿಲ್ಲ ಅಮ್ಮಾವ್ರೆ," ಎಂದರು. ಆ ಮಾತು ತುಂಗಾಬಾಯಿಯನ್ನು ಉಳಿದೆಲ್ಲ ಮಾತಿಗಿಂತ ಹೆಚ್ಚು ಕಾಡಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ತುತ್ತು ಎಲ್ಲರ ಬಾಯಿಗೂ ಬಂದು ತಮ್ಮೊಬ್ಬರನ್ನು ಬಿಟ್ಟಿತ್ತು. ಅವರಿಗೆ ಚಿಕ್ಕ ಹುಡುಗಿಯ ಹಾಗೆ ಅಳು ಬಂತು.

ಕೆಳಗೆ ಬಂದು ಮಧ್ವರಾಜರಿಗೆ ಫೋನ್ ಮಾಡಿದರು.

"ರಾಯರೆ, ಬಂತು."

 "ಹೇಗಿದೆ?"

"ನನಗೆ ವ್ರತ ಅಲ್ವಾ. ಇವರೆಲ್ಲ ಒಬ್ಬೊಬ್ಬರು ಒಂದೊಂದು ಹೇಳಿ ತಲೆ ಕೆಡಿಸ್ತಿದಾರೆ. ಇನ್ನಾದ್ರೂ ನೀವೇ ಹೇಳಿಬಿಡಿ. ನೀವು ತಿಂದವರು ತಾನೇ."

"ತುಂಗಾಬಾಯಿ, ನಾನು ಅದನ್ನ ತಿಂದಿಲ್ಲ."

ತುಂಗಾಬಾಯಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡರು.

"ಹದಿನೆಂಟು ವರ್ಷ ನಾನೂ ಎಲೆ ನೋಡಿದೀನಿ ಅಷ್ಟೆ. ನಿಮ್ಮ ತಮ್ಮಯ್ಯನಂಥವರು ನನಗೆ ಸಿಗಲಿಲ್ಲ. ಹಿಂದೆ ಆಫೀಸಿಗೆ ಬರ್ತಿದ್ದ ಒಬ್ಬ ಹಡಗಿನ ಎಂಜಿನಿಯರು ಕಡ್ಡಿ ತಂದುಕೊಟ್ಟಿದ್ದ. ಯಾವ ಊರಿಂದ ತಂದನೋ. ರುಚಿ ಕೇಳಿದ್ರೆ, ನೀವೇ ಬೆಳೆದು ತಿಂದು ಹೇಳಿ ಅಂದ. ಅವನಾದ್ರೂ ತಿಂದಿದ್ದನೋ ಇಲ್ಲವೋ, ಈಗ ಅನುಮಾನ ಬರುತ್ತೆ. ಎಲೆ ಮಾತ್ರ ಬಿಡುತ್ತೆ ಅಂದಿದ್ರೆ ನೀವು ಕಡ್ಡಿ ತೊಗೋತಿದ್ರಾ?"

ತುಂಗಾಬಾಯಿಗೆ ಕೋಪ ಬಂತು. ನಾಲ್ಕು ವರ್ಷ ತಿಂಗಳಿಗೊಮ್ಮೆ "ಬಂತೇ" ಎಂದು ಕೇಳಿದ್ದು ಪರೀಕ್ಷೆ ಮಾಡುವ ಮೇಷ್ಟರಲ್ಲ, ತಮ್ಮ ಹಾಗೆಯೇ ಬಾಯಿ ಚಪಲದ ಒಬ್ಬ ಮುದುಕ. ಕೋಪ ಬಂದಷ್ಟೇ ಬೇಗ ಇಳಿಯಿತು. "ಇವತ್ತೇ ಇವರ ಕೈಲಿ ಕಳಿಸ್ತೀನಿ," ಎಂದರು.

"ಬೇಡ. ನನಗೂ ವ್ರತ."

"ನಿಮಗೆ ಎಂಬತ್ತಾರು ರಾಯರೆ. ಕಷ್ಟಪಡಬೇಡಿ, ವಯಸ್ಸಾದವರಿಗೆ ವಿನಾಯಿತಿ ಇದೆ."

"ನಿಮಗೂ ಅರವತ್ತೆಂಟಾಯ್ತು. ಮೊದಲು ನೀವು ತಿನ್ನಿ, ಆಮೇಲೆ ನಾನು."

ತುಂಗಾಬಾಯಿ ವಿನಾಯಿತಿಯ ಮಾತನ್ನು ಅಲ್ಲಿಗೇ ಬಿಟ್ಟರು.

"ಬಳ್ಳಿಯಲ್ಲಿ ಇನ್ನೇನಾದ್ರೂ ಉಳಿದಿದೆಯೇ?"

"ಬಾವಿ ಪಕ್ಕದ್ದು ಒಂದು ಗೊಂಚಲಿದೆ. ನೆರಳಿಗೆ ಅದು ಹಿಂದೆ ಬಿದ್ದಿದೆ."

"ಅದನ್ನ ದ್ವಾದಶಿವರೆಗೆ ನಿಲ್ಲಿಸೋಕಾಗುತ್ತಾ ಕೇಳಿ ನೋಡಿ. ಅದು ನಿಂತ್ರೆ ನಾನೂ ನಿಲ್ತೀನಿ," ಎಂದು ಮಧ್ವರಾಜರು ಫೋನ್ ಇಟ್ಟರು.

ಇನ್ನೂ ಇಪ್ಪತ್ತೈದು ದಿನ. ತಮ್ಮಯ್ಯ ಗೊಂಚಲನ್ನು ಕೈಯಲ್ಲಿ ತೂಗಿ ನೋಡಿ, ಮಳೆ ಬೀಳದಿದ್ದರೆ ಅರ್ಧ ಉಳಿಯಬಹುದು, ಬಿದ್ದರೆ ಒಡೆದುಹೋಗುತ್ತೆ ಎಂದರು. ಅಳಿಲು, ಹಕ್ಕಿ, ಕಣಜ ತಡೆಯಲು ತೆಳ್ಳಗಿನ ಬಟ್ಟೆಯ ಚೀಲ ಬೇಕೆಂದರು. ಪಾವನಾ ಮಗುವಿನ ಮೆತ್ತನೆಯ ಬಟ್ಟೆಯೊಂದನ್ನು ತಂದಳು. ತುಂಗಾಬಾಯಿ ಸಂಕೋಚಪಟ್ಟರು, ದೇವರ ಮುಂದೆ ಇಡುವ ಹಣ್ಣಿಗೆ ಕೂಸಿನ ಲಂಗೋಟಿ ಹೇಗೆ ಸುತ್ತುವುದು? ಕೊನೆಗೆ ಪಂಢರಿನಾಥರ ಹಳೆಯ ಮಡಿ ಪಂಚೆಯ ತುದಿ ಹರಿದು ಚೀಲ ಹೊಲಿದದ್ದಾಯಿತು.

ಆಗಸ್ಟ್ ಎರಡನೆಯ ವಾರ ತಮ್ಮಯ್ಯ, ಬೋರಮ್ಮ ಊರಿಗೆ ಹೊರಟರು. ಆಟೋ ಬಂದು ನಿಂತಿದ್ದರೂ ತಮ್ಮಯ್ಯ ಹಿತ್ತಿಲಿಗೆ ಬಂದು ಚೀಲದ ಗಂಟು ಎಳೆದು ನೋಡಿದರು. "ಒಂದೇ ಮಾತು ಅಮ್ಮಾವ್ರೆ. ತೆಗೆದು ನೋಡ್ಬೇಡಿ. ಒಂದು ಸಲ ಬಿಚ್ಚಿದ್ರೆ ಇರುವೆ ದಾರಿ ಕಲೀತದೆ. ದ್ವಾದಶಿ ದಿನವೇ ಬಿಚ್ಚಿ."

ತುಂಗಾಬಾಯಿಗೆ ಇದು ಶಾಕವ್ರತಕ್ಕಿಂತ ಕಠಿಣವಾದ ವ್ರತವಾಗಿತ್ತು. ಚೀಲ ದಿನದಿನಕ್ಕೂ ಜೋತುಬೀಳುತ್ತಿತ್ತು, ಒಂದು ಮೂಲೆಯಲ್ಲಿ ನೇರಳೆ ಕಲೆಯೂ ಮೂಡಿತು. ಅವರು ಹತ್ತಿರ ಹೋಗಿ ಕೈ ಹಿಂದೆ ಕಟ್ಟಿಕೊಂಡು ನಿಂತು ವಾಪಸ್ಸು ಬರುತ್ತಿದ್ದರು. ದ್ವಾದಶಿಗೆ ಆರು ದಿನ ಇರುವಾಗ ಸಂಜೆ ಗುಡುಗಿ ಮಳೆ ಬಂತು. ಅವರು ಓಡಿ ಹೋಗುವಷ್ಟರಲ್ಲಿ ಪಾವನಾ ಮಗುವನ್ನು ಕಂಕುಳಲ್ಲಿ ಒತ್ತಿಕೊಂಡು ಬಾವಿಯ ಪಕ್ಕ ನಿಂತು, ಚೀಲದ ಮೇಲೆ ಕೊಡೆ ಹಿಡಿದಿದ್ದಳು. ಅವಳೂ ಮಗುವೂ ನೆನೆಯುತ್ತಿದ್ದರು. "ಕೂಸಿಗೆ ಶೀತ ಆಗುತ್ತೆ, ಒಳಗೆ ಹೋಗಮ್ಮಾ ಸೀಕ್ರಂ," ಎಂದು ತುಂಗಾಬಾಯಿ ಕೊಡೆ ಕಿತ್ತುಕೊಂಡು ಮಳೆ ನಿಲ್ಲುವ ತನಕ ಅಲ್ಲೇ ನಿಂತರು.

ದ್ವಾದಶಿಯ ಬೆಳಿಗ್ಗೆ ಪೂಜೆಗೆ ಮೊದಲು ತೊಟ್ಟು ಕತ್ತರಿಸಿ ಚೀಲ ಬಿಚ್ಚಿದರು. ಕೆಳಗಿನ ಅರ್ಧ ಕೊಳೆತು ಒಂದೇ ಮುದ್ದೆಯಾಗಿ ಬಟ್ಟೆಗೆ ಅಂಟಿತ್ತು. ಇರುವೆಗಳು ದಾರಿ ಕಲಿತೇ ಬಿಟ್ಟಿದ್ದವು. ಮೇಲ್ಗಡೆ ಒಂದಷ್ಟು ಹಣ್ಣು ಉಳಿದಿದ್ದವು, ಚೀಲದ ಬೇಗೆಗೆ ಬತ್ತಿ, ಸುಕ್ಕುಗಟ್ಟಿ, ಅರ್ಧ ಒಣದ್ರಾಕ್ಷಿಯಂತಾಗಿದ್ದವು. ಗಟ್ಟಿಯಿದ್ದವನ್ನು ಆರಿಸಿದರೆ ಒಂಬತ್ತು. ತೊಳೆದು ಬೆಳ್ಳಿ ಬಟ್ಟಲಲ್ಲಿಟ್ಟು ದೇವರಿಗೆ ನೈವೇದ್ಯ ಮಾಡಿದರು. ಪಾರಣೆಗೆ ತಿಂಗಳ ನಂತರ ತರಕಾರಿಯ ಹುಳಿ ಉಂಡರು. ಬಟ್ಟಲನ್ನು ಮುಟ್ಟಲಿಲ್ಲ.

"ಈಗೇನಡ್ಡಿ? ಒಂದು ತಿನ್ನು," ಎಂದರು ಪಂಢರಿನಾಥರು.

"ಅವರ ಎದುರಿಗೆ."

"ನಾನು ಬರಲಾ?"

"ಬನ್ನಿ. ಆದ್ರೆ ನಿಮಗಿಲ್ಲ, ನಿಮ್ಮದಾಗಿದೆ."

ತ್ರಿಪ್ಲಿಕೇನಿನ ಗಲ್ಲಿಯ ಬಾಯಲ್ಲೇ ಆಟೋ ನಿಂತಿತು. ಮುಂದಕ್ಕೆ ಹಾಲಿನ ವ್ಯಾನ್ ಅಡ್ಡ ನಿಂತಿತ್ತು. ತುಂಗಾಬಾಯಿ ಬಟ್ಟಲಿಟ್ಟ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಡೆದರು. ಎರಡು ಮಹಡಿ ಹತ್ತಿದಾಗ ಮಧ್ವರಾಜರ ಸೊಸೆ ವೆಂಕಟಲಕ್ಷ್ಮಿ ಬಾಗಿಲು ತೆರೆದು, "ಮಾವನವರು ಆರು ಗಂಟೆಗೇ ಪಾರಣೆ ಮಾಡಿ ಕೂತಿದಾರೆ. ಕಾಫಿ ಕೂಡ ಬೇಡ ಅಂದ್ಬಿಟ್ರು, ಬಾಯಿ ರುಚಿ ಕೆಡುತ್ತಂತೆ," ಎಂದಳು.

ಮಧ್ವರಾಜರು ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಒಗೆದ ಪಂಚೆ, ಹಣೆಯಲ್ಲಿ ಅಂಗಾರ ಅಕ್ಷತೆ. ಕಳೆದ ಸಲಕ್ಕಿಂತ ಇಳಿದುಹೋಗಿದ್ದರು. ಬಟ್ಟಲು ನೋಡಿ, "ಇಷ್ಟೇನೇ?" ಎಂದರು.

"ಇಷ್ಟು ಉಳೀತು ರಾಯರೆ. ಒಣಗಿಹೋಗಿವೆ."

"ನಾನೂ ಒಣಗಿದೀನಿ, ಪರವಾಗಿಲ್ಲ. ನೀವು ತಿಂದ್ರಾ?"

"ಇಲ್ಲ."

ಅವರು ತಲೆಯಾಡಿಸಿದರು. ಒಂದನ್ನು ಎತ್ತಿಕೊಂಡು, ಈಕೆ ಎತ್ತಿಕೊಳ್ಳುವ ತನಕ ಕಾದರು. ತುಂಗಾಬಾಯಿಗೆ ಒಮ್ಮೆಲೇ ಭಯವಾಯಿತು. ಏನೂ ಇಲ್ಲದಿದ್ದರೆ? ಕೊಳೆತ ವಾಸನೆ ಒಂದೇ ಇದ್ದರೆ? ಈ ಮನುಷ್ಯ ಇಪ್ಪತ್ತೆರಡು ವರ್ಷ ಕಾದಿದ್ದಾರೆ. ಇಬ್ಬರೂ ಕಣ್ಣು ಮುಚ್ಚಿ ಹಣ್ಣನ್ನು ಬಾಯಿಗೆ ಹಾಕಿಕೊಂಡರು.

ಸಿಪ್ಪೆ ದಪ್ಪ, ಸುಲಭಕ್ಕೆ ಒಡೆಯಲಿಲ್ಲ. ಒಡೆದ ಮೇಲೆ ಮೊದಲು ಸಿಹಿ, ಬೆಲ್ಲದ ಪಾಕದ ಹಾಗೆ ಮಂದವಾಗಿ. ಅದರ ಹಿಂದೆಯೇ ಇನ್ನೊಂದು ಬಂತು. ಪಾವನಾ ಹೇಳಿದ ಯಾವುದೂ ಅಲ್ಲ. ಗಂಡ ನುಂಗಿಬಿಟ್ಟಿದ್ದು ಇದೇ ಇರಬೇಕು. ಅದು ನಾಲಿಗೆಯಿಂದ ಮೂಗಿಗೆ ಏರಿ ಅಲ್ಲಿ ನಿಂತಿತು. ಗುರುತಿನದು ಅನ್ನಿಸಿತು, ಹೆಸರು ಸಿಗಲಿಲ್ಲ. ಹುಡುಕುವುದೂ ಬೇಡ ಅನ್ನಿಸಿದ್ದು ತುಂಗಾಬಾಯಿಯ ಜೀವಮಾನದಲ್ಲಿ ಬಹುಶಃ ಅದೇ ಮೊದಲು.

"ಹೇಗಿದೆ ಸಾರ್?" ಎಂದರು ಪಂಢರಿನಾಥರು.

ಮಧ್ವರಾಜರು ಕಣ್ಣು ತೆರೆಯದೆ ಕೈ ಎತ್ತಿ ಸುಮ್ಮನಿರಲು ಹೇಳಿದರು. ಅವರ ದವಡೆ ನಿಧಾನವಾಗಿ ಆಡುತ್ತಿತ್ತು. ಕೆಳಗೆ ರಸ್ತೆಯಲ್ಲಿ ವ್ಯಾನು ಹಾರ್ನ್ ಹೊಡೆದು ಹೊಡೆದು ಹೊರಟುಹೋಯಿತು. ಬಹಳ ಹೊತ್ತಿನ ಮೇಲೆ ಅವರು ಎಡ ಅಂಗೈಯನ್ನು ಬಾಯಿಗೆ ಹಿಡಿದು ಬೀಜ ತೆಗೆದರು. ಎರಡು, ಚೆನ್ನಾಗಿ ಕಂದು ತಿರುಗಿದ್ದವು. ವೆಂಕಟಲಕ್ಷ್ಮಿ ತಟ್ಟೆ ಹಿಡಿದಳು. ಅವರು ಹಾಕಲಿಲ್ಲ.

"ಇನ್ನೊಂದು ತೊಗೊಳ್ಳಲೇ?" ಎಂದು ತುಂಗಾಬಾಯಿಯನ್ನು ಕೇಳಿದರು.

ತುಂಗಾಬಾಯಿ ಬಟ್ಟಲನ್ನು ಅವರ ಹತ್ತಿರಕ್ಕೆ ಸರಿಸಿದರು. ಮಧ್ವರಾಜರು ಬೀಜ ಹಿಡಿದ ಮುಷ್ಟಿಯನ್ನು ಮಂಡಿಯ ಮೇಲೆ ಬಿಗಿಯಾಗಿ ಇಟ್ಟುಕೊಂಡೇ ಇನ್ನೊಂದು ಕೈಯನ್ನು ಬಟ್ಟಲಿನ ಕಡೆಗೆ ಚಾಚಿದರು.